ಡಬ್ಬವೇ ಅರ್ಧ ಸ್ಪೀಕರು

ಎಲ್ಲರಿಗೂ ನಮಸ್ಕಾರ. ಶೀಟಿನ ಮೇಲೆ ಮಳೆ ಹೀಗೆ ಹೊಯ್ಯುವಾಗ ಹಿಂದಿನ ಸಾಲಿಗೆ ಏನೂ ಕೇಳಿಸದು. ಮುಂದೆ ಬನ್ನಿ, ಮೇಜಿನ ಮೇಲಿನ ಸಾಮಾನೂ ಕಾಣುತ್ತದೆ. ಇವತ್ತು ಫೋನಿನ ಹಾಡು ಕೇಳಲು ಮನೆಯಲ್ಲೇ ಒಂದು ಸಣ್ಣ ಸ್ಪೀಕರು ಡಬ್ಬ ಕಟ್ಟುವುದು.

ಇದೆಲ್ಲ ಗುಜರಿಗೆ ಹೋಗಬೇಕಿದ್ದ ಸರಕು: ಕೆಟ್ಟ ಟೀವಿಯಿಂದ ಬಿಚ್ಚಿದ 4 ಓಮ್ ಸ್ಪೀಕರು, ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯ ಒಂದು ಸೆಲ್ಲು, ಒಂದು ಕಿವಿ ಹೋದ ಇಯರ್‌ಫೋನು. ಕೊಳ್ಳಬೇಕಾದ್ದು ಪಿಎಎಂ 8403 ಆಂಪ್ಲಿಫೈಯರ್ ಬೋರ್ಡು, ಟಿಪಿ 4056 ಚಾರ್ಜಿಂಗ್ ಬೋರ್ಡು, ಸೆಲ್ ಹೋಲ್ಡರು, ಒಂದು ಸ್ವಿಚ್ಚು, ಅಷ್ಟೇ. ಚಾರ್ಜಿಂಗ್ ಬೋರ್ಡಿನಲ್ಲಿ ಔಟ್ ಪ್ಲಸ್, ಔಟ್ ಮೈನಸ್ ಎಂದು ಬೇರೆ ಗುರುತಿರಬೇಕು. ಸೆಲ್ಲಿಗೆ ರಕ್ಷಣೆ ಇರುವುದು ಅಂಥ ಬೋರ್ಡಿನಲ್ಲಿ ಮಾತ್ರ.

ಈಗ ಕೇಳಿ. ಬರಿಯ ಸ್ಪೀಕರು ಕೈಯಲ್ಲಿದೆ, ತಾಳಮದ್ದಲೆ ಹಚ್ಚಿದ್ದೇನೆ. ಭಾಗವತರು ಇದ್ದಾರೆ, ಮದ್ದಳೆ ಎಲ್ಲಿ? ತೂತು ಕೊರೆದ ಈ ರಟ್ಟಿಗೆ ಒತ್ತಿ ಹಿಡಿಯುತ್ತೇನೆ... ಬಂತಲ್ಲ! ವಾಲ್ಯೂಮ್ ಮುಟ್ಟಿಲ್ಲ ಮಾರಾಯ್ರೆ. ಸ್ಪೀಕರಿನ ನಡುವೆ ಅದುರುವ ಕೋನು ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಹಿಂದಿನದು ಸಡಿಲವಾಗುತ್ತದೆ. ಅಂಚು ಸುತ್ತಿಬಂದು ಎರಡೂ ಕೂಡಿಕೊಂಡರೆ ತಗ್ಗಿನ ಸ್ವರ ಅಲ್ಲೇ ಸೊನ್ನೆ. ರಟ್ಟು ಆ ದಾರಿ ತಡೆಯಿತು. 1925ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ ಇಂದಿನ ಬಗೆಯ ಕೋನ್ ಸ್ಪೀಕರು ರೂಪಿಸಿದಾಗ ಅವರೂ ಸುತ್ತ ಹಲಗೆ ಕಟ್ಟಿದರು. ನೂರು ವರ್ಷವಾಯಿತು, ನಾವಿನ್ನೂ ಅಂಗಡಿಗೆ ಹೋಗಿ ಎಷ್ಟು ವ್ಯಾಟ್ ಅಂತ ಕೇಳುತ್ತೇವೆ, ಡಬ್ಬ ಹೇಗಿದೆ ಅಂತ ಕೇಳುವುದಿಲ್ಲ.

ವೀಣೆಯ ಕೊಡದ ಹಾಗೆ ಡಬ್ಬವೂ ನಾದ ಕೊಡಬೇಕೆಂದು ಕೆಲವರ ನಂಬಿಕೆ. ತಲೆಕೆಳಗು ಮಾತು. ನಮ್ಮ ಡಬ್ಬ ಮೂಗನಾಗಿರಬೇಕು. ಬಿಸ್ಕತ್ತಿನ ತಗಡಿನ ಡಬ್ಬ ಜಣಗುಡುತ್ತದೆ. ಒಳಗೆ ಎರಡು ಪದರ ಗೋಣಿಬಟ್ಟೆ ಅಂಟಿಸಿ. ಅಡಿಕೆ ಹಾಳೆ ಚೆಂದ, ಆದರೆ ಜೂನ್ ಕಳೆಯುವುದರೊಳಗೆ ಬೂಷ್ಟು ಹಿಡಿದು ಸೊಟ್ಟಗಾಗುತ್ತದೆ. ತೆಂಗಿನ ಕರಟ ಗಟ್ಟಿ, ಒಳಗೆ ಜಾಗ ಸಾಲದು. ಎಲ್ಲಕ್ಕಿಂತ ವಾಸಿ, ಮನೆ ಕಟ್ಟುವಾಗ ಉಳಿದ 4 ಇಂಚಿನ ಪಿವಿಸಿ ಪೈಪಿನ ಒಂದಡಿ ತುಂಡು. ಸುಮಾರು ಎರಡೂವರೆ ಲೀಟರ್ ಗಾಳಿ ಹಿಡಿಯುತ್ತದೆ. ಒಂದು ಬದಿಯ ಮುಚ್ಚಳಕ್ಕೆ 3 ಇಂಚಿನ ಸ್ಪೀಕರು. ನಡುವೆ ಸೈಕಲ್ ಟ್ಯೂಬ್ ಕತ್ತರಿಸಿದ ವಾಷರು. ತಂತಿ ಹೊರಬರುವ ತೂತಿಗೆ ಎಂ-ಸೀಲ್. ಸೂಜಿಯಷ್ಟು ಸಂದಿ ಬಿಟ್ಟರೂ ಸೀಟಿ ಹೊಡೆಯುತ್ತದೆ.

ಸೆಲ್ಲಿನ ವಿಷಯದಲ್ಲಿ ಧೈರ್ಯ ಬೇಡ. ಊದಿದ್ದು, ತುಕ್ಕು ಹಿಡಿದಿದ್ದು, ಮೀಟರಿನಲ್ಲಿ 2.5 ವೋಲ್ಟಿಗಿಂತ ಕಡಿಮೆ ತೋರಿಸುವುದು ಬೇಡವೇ ಬೇಡ. ಒಳ್ಳೆಯದನ್ನು 4.2 ವೋಲ್ಟಿನವರೆಗೆ ತುಂಬಿಸಿ, ಒಂದು ವಾರ ಬಿಟ್ಟು ಅಳೆಯಿರಿ; 4ಕ್ಕಿಂತ ಕೆಳಗಿಳಿದರೆ ಅದೂ ಬೇಡ. ಸೆಲ್ಲಿನ ಮೈಗೆ ಬೆಸುಗೆ ಹಾಕಬೇಡಿ, ಹೋಲ್ಡರಿನಲ್ಲಿ ಕೂರಿಸಿ. ಪವರ್‌ಬ್ಯಾಂಕಿಗೇ ಸಿಕ್ಕಿಸಬಾರದೇ? ಸಣ್ಣ ದನಿಯಲ್ಲಿ ಕರೆಂಟು ಎಳೆಯುವುದು ಕಡಿಮೆ. ಯಾರೂ ಇಲ್ಲ ಎಂದುಕೊಂಡು ಹಲವು ಪವರ್‌ಬ್ಯಾಂಕುಗಳು ತಾವೇ ಆಫ್ ಆಗುತ್ತವೆ. ಸೆಲ್ಲಿನ 3.7 ವೋಲ್ಟೇ ಆಂಪ್ಲಿಫೈಯರಿಗೆ ಸಾಕು, ಒಂದೂವರೆ ವ್ಯಾಟಿನ ಆಸುಪಾಸು ಸಿಗುತ್ತದೆ. ಅಡಿಕೆ ಸುಲಿಯುವ ಚಪ್ಪರಕ್ಕೆ ಇನ್ನೆಷ್ಟು ಬೇಕು?

ಫೋನಿನಿಂದ ಆಂಪ್ಲಿಫೈಯರಿಗೆ ಹಾಡು ತರುವುದು ಇಯರ್‌ಫೋನ್ ತಂತಿ. ಅದಕ್ಕೆ ಬೆಸುಗೆ ಹತ್ತುವುದಿಲ್ಲ ಎಂದು ಬೈಯುತ್ತೀರಿ. ಹತ್ತಿರ ಹಿಡಿದು ನೋಡಿ: ಕೂದಲೆಳೆಯಂಥ ತಾಮ್ರ, ಮೇಲೆ ಕೆಂಪು, ಹಸಿರು ಅರಗು, ನಡುವೆ ನೂಲು. ತುದಿಯನ್ನು ಸೀಸದ ಹನಿಯಲ್ಲಿ ನಾಲ್ಕೈದು ಸೆಕೆಂಡು ಅದ್ದಿ ಹಿಡಿದರೆ ಅರಗು ಸುಟ್ಟು ಹೊಗೆಯಾಡುತ್ತದೆ, ತಂತಿ ಬೆಳ್ಳಗಾಗುತ್ತದೆ. ಸ್ಪೀಕರು ಒಂದೇ ಆದರೆ ಎಡ, ಬಲ ತಂತಿ ನೇರ ಸೇರಿಸಬೇಡಿ. ಒಂದೊಂದಕ್ಕೂ 1 ಕಿಲೋ ಓಮ್ ರೆಸಿಸ್ಟರ್ ಹಾಕಿ ಆಮೇಲೆ ಸೇರಿಸಿ.

ಚೀಟಿ ಬಂತು, ಎರಡು ನಿಮಿಷವಂತೆ. ಸ್ಪೀಕರಿನ ಮೈನಸ್ಸನ್ನು ಬ್ಯಾಟರಿಯ ಮೈನಸ್ಸಿಗೆ ಜೋಡಿಸಬೇಡಿ, ಬೋರ್ಡು ಹೋಗುತ್ತದೆ. ಸೆಲ್ಲಿನ ಪ್ಲಸ್, ಮೈನಸ್ ಅದಲುಬದಲಾದರೂ ಹೋಗುತ್ತದೆ. ಸತ್ತ ಸೆಲ್ಲಿನ ಎರಡೂ ತುದಿಗೆ ಟೇಪು ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ, ಕಸದ ಗಾಡಿಗೆ ಹಾಕಬೇಡಿ. ತಂತಿಯ ಬದಲು ಬ್ಲೂಟೂತ್ ಬೋರ್ಡು ಹಾಕಿದರೆ ಬರುವ ಕೀರಲು ದನಿಯ ಮಾತು ಚಹಾದ ಹೊತ್ತಿಗೆ. ಬಲಗಡೆ ನಾಲ್ಕು ಡಬ್ಬ ಇಟ್ಟಿದ್ದೇವೆ. ಬೆರಳ ಗೆಣ್ಣಿನಿಂದ ಬಡಿದು, ಯಾವುದು ಮೂಗ ಅಂತ ನೀವೇ ಹೇಳಿ.