ಉಂಗುರದ ಸುಳ್ಳು, ಕಾಗದದ ಸುಳ್ಳು

ಸಭೆಗೆ ವಂದನೆಗಳು. ಶೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್' ನಾಟಕದ ಕಥೆಯನ್ನು ತಮಗೆ ಹೇಳಬೇಕಾಗಿಲ್ಲ. ಹಡಗೊಡೆದು ಇಲಿರಿಯಾದ ದಡ ಸೇರಿದ ವಯೋಲಾ ಗಂಡುವೇಷ ತೊಟ್ಟು ಸಿಸೇರಿಯೊ ಆದದ್ದೂ, ಒಡೆಯ ಆರ್ಸಿನೊನನ್ನು ಒಳಗೊಳಗೇ ಪ್ರೀತಿಸುತ್ತ ಅವನ ಪ್ರೇಮಸಂದೇಶವನ್ನು ಒಲಿವಿಯಾಳಿಗೆ ಒಯ್ದದ್ದೂ ತಮಗೆ ಗೊತ್ತಿದೆ. ಪ್ರೀತಿಯಲ್ಲಿ ಎಲ್ಲ ವಂಚನೆಗೂ ಕ್ಷಮೆಯುಂಟು ಎಂದು ಈ ನಾಟಕವನ್ನು ಓದುವವರಿದ್ದಾರೆ. ನಾನು ಹಾಗೆ ಓದಲಾರೆ. ಯಾವ ಸುಳ್ಳು ಯಾರ ಮಾನ ಕಾಯುತ್ತದೆ, ಯಾರ ಮಾನ ಕಳೆಯುತ್ತದೆ ಎಂಬುದನ್ನು ಶೇಕ್ಸ್‌ಪಿಯರ್ ಇಲ್ಲಿ ತೂಗಿ ನೋಡಿದ್ದಾನೆ.

ಎರಡನೆಯ ಅಂಕದ ಎರಡನೆಯ ದೃಶ್ಯವನ್ನು ನೋಡಿ. ಬಂದ ದೂತನಿಗೇ ಮನಸೋತ ಒಲಿವಿಯಾ, ಅವನು ಬಿಟ್ಟುಹೋದದ್ದೆಂಬ ನೆಪ ಹೂಡಿ, ತನ್ನದೇ ಉಂಗುರವನ್ನು ಮನೆಯ ಮೇಲ್ವಿಚಾರಕ ಮ್ಯಾಲ್ವೋಲಿಯೊನ ಕೈಯಲ್ಲಿ ಕಳಿಸಿದ್ದಾಳೆ. 'ಇದು ನನ್ನದಲ್ಲ' ಎಂದು ವಯೋಲಾ ನಿಜ ನುಡಿದಿದ್ದರೆ ಒಡತಿಯ ಗುಟ್ಟು ಸೇವಕನ ಮುಂದೆ ರಟ್ಟಾಗುತ್ತಿತ್ತು. ಅವಳು ಹೇಳುವುದೇ ಬೇರೆ: 'ಆಕೆ ಉಂಗುರವನ್ನು ನನ್ನಿಂದಲೇ ತೆಗೆದುಕೊಂಡಳು, ನನಗದು ಬೇಡ.' ಮ್ಯಾಲ್ವೋಲಿಯೊ ಅದನ್ನು ನೆಲಕ್ಕೆಸೆದು ಹೊರಟುಹೋದ ಮೇಲೆಯೇ, 'ನಾನು ಯಾವ ಉಂಗುರವನ್ನೂ ಬಿಟ್ಟುಬರಲಿಲ್ಲವಲ್ಲ' ಎಂಬ ನಿಜ ಅವಳ ಬಾಯಿಂದ ಹೊರಡುತ್ತದೆ. ವೇಷವೇ ಕೇಡು ಎಂದು ಅವಳು ನೊಂದುಕೊಳ್ಳುವುದೂ ಆಗಲೇ. ನೆಲದ ಮೇಲಿನ ಆ ಉಂಗುರವನ್ನು ನೋಡುತ್ತ ನಟಿ ಒಂದು ಗಳಿಗೆ ಸುಮ್ಮನೆ ನಿಂತರೆ ಸಾಕು, ಇನ್ನೊಬ್ಬಳ ಮಾನ ಉಳಿಸಲು ಅವಳು ಆಡಿದ ಸುಳ್ಳಿನ ಬೆಲೆ ಪ್ರೇಕ್ಷಕರಿಗೆ ತಿಳಿಯುತ್ತದೆ.

ಮ್ಯಾಲ್ವೋಲಿಯೊ ದಾರಿಯಲ್ಲಿ ಹೆಕ್ಕಿಕೊಳ್ಳುವ ಕಾಗದವೂ ಸುಳ್ಳೇ. ಒಡತಿಯ ಕೈಬರಹವನ್ನು ಹೋಲುವಂತೆ ಅವಳ ಸಖಿ ಮರಿಯಾ ಬರೆದ ಆ ಪ್ರೇಮದ ಕಾಗದವನ್ನು ನಂಬಿ ಅವನು ಹಳದಿ ಕಾಲುಚೀಲ ತೊಟ್ಟು ಹಲ್ಲು ಕಿರಿಯುತ್ತ ಬಂದು, ಹುಚ್ಚನೆನಿಸಿಕೊಂಡು, ಕತ್ತಲೆಕೋಣೆ ಸೇರುತ್ತಾನೆ. ಅವನ ಜಂಬ ಯಾರಿಗೂ ಹಿಡಿಸದು, ಒಪ್ಪುತ್ತೇನೆ; ಆದರೆ ಪ್ರೀತಿ ಸಿಕ್ಕೀತೆಂಬ ಆಸೆಯನ್ನೇ ಬೋನು ಮಾಡಿ ಮನುಷ್ಯನನ್ನು ಹಿಡಿಯುವುದು ಕ್ರೌರ್ಯ. 1602ರ ಫೆಬ್ರವರಿ 2ರಂದು ಲಂಡನ್ನಿನ ವಕೀಲರ ಸಂಸ್ಥೆ ಮಿಡಲ್ ಟೆಂಪಲ್‌ನ ಔತಣದಲ್ಲಿ ಈ ನಾಟಕ ನೋಡಿದ ಕಾನೂನು ವಿದ್ಯಾರ್ಥಿ ಜಾನ್ ಮ್ಯಾನಿಂಗ್‌ಹ್ಯಾಮ್ ತನ್ನ ದಿನಚರಿಯಲ್ಲಿ ಮೆಚ್ಚಿ ಬರೆದದ್ದು ಈ ಕಾಗದದ ಹೂಟವನ್ನೇ. ಅಣ್ಣನ ಸಾವಿಗೆ ಶೋಕಿಸುತ್ತಿದ್ದ ಒಲಿವಿಯಾಳನ್ನು ಅವನು ವಿಧವೆಯೆಂದು ತಿಳಿದಿದ್ದ. ವಯೋಲಾಳ ಹೆಸರನ್ನಂತೂ ಎತ್ತಲೇ ಇಲ್ಲ. ನಾಟಕವನ್ನು ಅವನು ಹೋಲಿಸಿದ ಇಟಾಲಿಯನ್ ಕೃತಿಯ ಹೆಸರು 'ಇಂಗಾನ್ನಿ', ಎಂದರೆ ವಂಚನೆಗಳು. ನಾಲ್ಕು ಶತಮಾನದಿಂದ ನಾವೂ ಕಾಗದಕ್ಕೆ ನಕ್ಕು ಉಂಗುರವನ್ನು ಮರೆಯುತ್ತ ಬಂದಿದ್ದೇವೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ವಯೋಲಾಳ ಅವಳಿ ಸೋದರ ಸೆಬಾಸ್ಟಿಯನ್ನನ ಅವಸರದ ಮದುವೆ, ಅವನ ಗೆಳೆಯ ಆಂಟೋನಿಯೊನ ಸ್ನೇಹ, ಇವೆರಡನ್ನೂ ಬಿಟ್ಟು ಕೊನೆಯ ದೃಶ್ಯಕ್ಕೆ ಬರುತ್ತೇನೆ. ಸಿಸೇರಿಯೊ ಹೆಣ್ಣೆಂಬ ಗುಟ್ಟು ಅಲ್ಲಿ ಹೊರಬಿದ್ದಿದೆ. ಆದರೆ ವಯೋಲಾಳ ಹೆಣ್ಣುಡುಗೆ ಇರುವುದು ಅವಳನ್ನು ದಡ ಸೇರಿಸಿದ ನಾವಿಕನ ವಶದಲ್ಲಿ. ಮ್ಯಾಲ್ವೋಲಿಯೊ ಹೂಡಿದ ದಾವೆಯಿಂದಾಗಿ ಆ ನಾವಿಕ ಸೆರೆಯಲ್ಲಿದ್ದಾನೆ. ಮ್ಯಾಲ್ವೋಲಿಯೊನಾದರೋ ಎಲ್ಲರ ಮೇಲೂ ಸೇಡು ತೀರಿಸಿಕೊಳ್ಳುವೆನೆಂದು ಹೊರನಡೆದಿದ್ದಾನೆ. ಅವನನ್ನು ಹಿಂಬಾಲಿಸಿ ಸಮಾಧಾನಪಡಿಸಿರಿ, ನಾವಿಕನ ವಿಷಯ ಅವನಿನ್ನೂ ಹೇಳಿಲ್ಲ ಎಂದು ಆರ್ಸಿನೊ ಆಳುಗಳನ್ನು ಕಳಿಸುತ್ತಾನೆ. ಅವರು ಮರಳಿ ಬರುವ ಮೊದಲೇ ನಾಟಕ ಮುಗಿಯುತ್ತದೆ. ವಯೋಲಾ ಇನ್ನೂ ಗಂಡುಡುಗೆಯಲ್ಲೇ ನಿಂತಿದ್ದಾಳೆ, ಆರ್ಸಿನೊ ಅವಳನ್ನು ಇನ್ನೂ ಸಿಸೇರಿಯೊ ಎಂದೇ ಕರೆಯುತ್ತಾನೆ.