ಗೀಜಗನ ಗೂಡಿನ ಕೆಳಗೆ ಮೂರು ವಾರ

ಮೊದಲು ತಪ್ಪು ಒಪ್ಪಿಕೊಂಡುಬಿಡ್ತೀನಿ. ಹಿಂದಿನ ವಿಡಿಯೋದಲ್ಲಿ ಇದೇ ಗಿಡ ತೋರಿಸಿ, ‘ನೋಡಿ, ತಾಯಿ ಗೀಜಗ ಮರಿಗಳಿಗೆ ಮನೆ ಕಟ್ಟುತ್ತಿದೆ’ ಅಂದಿದ್ದೆ. ನಾನು ನೋಡಿದ್ದು ಐದೇ ನಿಮಿಷ. ಉಳಿದದ್ದೆಲ್ಲ ಊಹೆ.

ಇದು ಧಾರವಾಡದ ಕೆಲಗೇರಿ ಕಡೆಯ ಒಂದು ಹೊಲ. ಬಾವಿ, ಅದರ ಮೇಲೆ ಬಾಗಿದ ಜಾಲಿ ಗಿಡ, ಜೊತೆಗೆ ನಮ್ಮೂರಿನ ಬಿಡದ ಜಿಟಿಜಿಟಿ ಮಳೆ. ಆವತ್ತಿನಿಂದ ದಿನಾ ಬೆಳಿಗ್ಗೆ ಒಂದು ತಾಸು ಬದುವಿನ ಮೇಲೆ ಕೂರುತ್ತಿದ್ದೇನೆ. ಮೂರನೇ ದಿನ ಹೊಲದ ಕಾಕಾ ಕೇಳಿಯೇಬಿಟ್ಟರು: “ಏನ್ ನೋಡಾಕತ್ತೀ ತಮ್ಮಾ? ಬಾವ್ಯಾಗ ಏನರ ಬಿದ್ದೈತೇನ?”

ಈಗ ಈ ಹಕ್ಕಿ ನೋಡಿ. ಕಬ್ಬಿನ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿತು. ಕಚ್ಚಿದ್ದನ್ನು ಬಿಡದೆ ಹಾರಿತು. ಸರ್ರಂತ ಸಿಗಿದು ಬಂತು ಎಳೆ, ಒಂದು ಗೇಣಿಗಿಂತ ಜಾಸ್ತಿನೇ ಉದ್ದ. ಅದನ್ನು ಕಾಲಲ್ಲಿ ಒತ್ತಿ ಹಿಡಿದು, ತೂರಿಸಿ, ಎಳೆದು, ಮತ್ತೆ ತೂರಿಸಿ ಹೆಣೆಯುತ್ತದೆ. ಮತ್ತೆ ಕಬ್ಬಿಗೆ.

ನಾಲ್ಕು ದಿನ ಕೂತ ಮೇಲೆ ಹೊಳೆಯಿತು. ಎಳೆ ತರುವವೆಲ್ಲ ಹಳದಿ ತಲೆಯವೇ! ಅಂದ್ರೆ ಗಂಡು. ಹೆಣ್ಣು ಗುಬ್ಬಿಯ ಹಾಗೆ ಕಂದು ಬಣ್ಣ. ಗೂಡು ಹೆಲ್ಮೆಟ್ಟಿನಷ್ಟು ಆಗುವವರೆಗೆ ಅದು ಈ ಕಡೆ ಸುಳಿಯಲೇ ಇಲ್ಲ. ಆಮೇಲೆ ಬಂತು, ವರ ನೋಡೋಕೆ ಬಂದ ಹಾಗೆ. ಗಂಡುಗಳೆಲ್ಲ ಜೋತುಬಿದ್ದು ರೆಕ್ಕೆ ಬಡಿದವು, ಏನು ಗದ್ದಲ! ಹೆಣ್ಣು ಒಂದು ಗೂಡಿಗೆ ಹೋಯಿತು, ಇಣುಕಿತು, ಹೊರಟೇಹೋಯಿತು. ಪಾಪ. ಒಪ್ಪಿಗೆ ಸಿಕ್ಕ ಗೂಡಿಗೆ ಮಾತ್ರ ಕೆಳಗಿನ ಉದ್ದ ಕೊಳವೆ. ಅದು ಮುಗಿದದ್ದೇ ತಡ, ಅದೇ ಗಂಡು ಪಕ್ಕದ ಟೊಂಗೆಯಲ್ಲಿ ಇನ್ನೊಂದು ಗೂಡು ಶುರು ಮಾಡಿತು. ಇನ್ನೊಬ್ಬಳಿಗೆ!

ಮನೆಗೆ ಬಂದು ಓದಿದರೆ, ಪಕ್ಷಿತಜ್ಞ ಸಾಲಿಂ ಅಲಿ ಇದನ್ನೆಲ್ಲ 1931ರಲ್ಲೇ ಬರೆದಿಟ್ಟಿದ್ದಾರೆ. ಅಲಿಬಾಗ್ ಹತ್ತಿರದ ಕಿಹಿಮ್‌ನಲ್ಲಿ, ಮಳೆಗಾಲದಲ್ಲಿ, ಏಣಿಯ ಮೇಲೆ ಮರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಕೂತು. ನನಗೆ ಒಂದು ತಾಸಿಗೇ ಕಾಲು ಜೋಮು ಹಿಡಿಯುತ್ತದೆ.

ನಮ್ಮ ಅಜ್ಜಿ ಒಂದು ಹೇಳುತ್ತಿದ್ದಳು, ನೀವೂ ಕೇಳಿರಬೇಕು. ಗೀಜಗ ಗೂಡಿಗೆ ಹಸಿ ಮಣ್ಣು ಮೆತ್ತಿ, ಅದಕ್ಕೆ ಮಿಂಚುಹುಳ ಅಂಟಿಸಿ ದೀಪ ಮಾಡಿಕೊಳ್ಳುತ್ತದಂತೆ. ನಿನ್ನೆ ಗಾಳಿಗೆ ಅರ್ಧ ಕಟ್ಟಿದ ಖಾಲಿ ಗೂಡೊಂದು ಬಿದ್ದಿತ್ತು. ಒಳಗೆ ನೋಡಿ, ಮಣ್ಣು ನಿಜಕ್ಕೂ ಇದೆ! ಉಗುರಿನಿಂದ ಕೆದರಿದೆ. ಮಿಂಚುಹುಳ ಇಲ್ಲ.

ಅಜ್ಜಿಗೆ ಫೋನ್ ಮಾಡಿ ಹೇಳಿದೆ. ಅವಳು ಬಿಡ್ತಾಳಾ? “ಹಗಲೊತ್ತಿನ್ಯಾಗ ಯಾರ್ ದೀಪಾ ಹಚ್ಚಿಡ್ತಾರೋ, ಹುಚ್ಚಾ?”

ಸರಿ. ರಾತ್ರಿನೂ ಬಂದು ಕೂರಬೇಕಾಯ್ತು.