ಒಡೆದ ಜಾರ್ ಮತ್ತು ನಮ್ಮೂರಿನ ಗ್ರಾಹಕರ ಕೋರ್ಟು

ಕೇಳುಗರೇ, ನಮಸ್ಕಾರ.

ಹೋದ ದೀಪಾವಳಿಗೆ ಅಮ್ಮನಿಗೆ ಅಂತ ಮೊಬೈಲ್‌ನಲ್ಲೇ ಒಂದು ಮಿಕ್ಸಿ ತರಿಸಿದೆ. ಡಬ್ಬ ಬಿಚ್ಚಿದರೆ ಚಟ್ನಿ ಜಾರಿನ ಅಂಚು ಸೀಳಿತ್ತು. ಅಮ್ಮ ಬೆರಳಲ್ಲಿ ಸವರಿ ನೋಡಿ, "ಹೋಗ್ಲಿ ಬಿಡೋ, ಯಾರ ಹತ್ರ ಜಗಳ ಆಡ್ತೀಯ" ಅಂದರು. ಫೋನ್ ಮಾಡಿದರೆ, "ನಾವು ಬರೀ ಆ್ಯಪ್‌ನವರು, ಮಾರಿದವರನ್ನು ಕೇಳಿ" ಎಂಬ ಉತ್ತರ. ಮಾರಿದವರು ಎಲ್ಲೋ ದೂರದ ಊರಿನವರು. ನಮ್ಮಲ್ಲಿ ಎಷ್ಟೋ ಜನ ಇಲ್ಲಿಗೇ ಕೈಬಿಡುತ್ತಾರೆ, ಅಲ್ವಾ?

ಕೈಬಿಡಬೇಕಾಗಿಲ್ಲ. 1986ರ ಹಳೆಯ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಎಲ್ಲಿ ಕೊಡಬೇಕು ಅನ್ನೋದಕ್ಕೆ ಕಂಪನಿ ಎಲ್ಲಿದೆ, ವ್ಯವಹಾರ ಎಲ್ಲಿ ನಡೆಯಿತು ಅಂತ ನೋಡುತ್ತಿದ್ದರು. ಮೊಬೈಲ್‌ನಲ್ಲಿ ಕೊಂಡಾಗ ಅದೇ ಒಂದು ತಕರಾರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ತೊಡಕು ಬಿಡಿಸಿತು. ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾರಿದವನು ದೆಹಲಿಯಲ್ಲಿರಲಿ, ಸೂರತ್‌ನಲ್ಲಿರಲಿ, ರಾಯಚೂರಿನವರು ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೇ, ಅಂದರೆ ಗ್ರಾಹಕರ ಕೋರ್ಟಿಗೇ ಹೋಗಬಹುದು. ನನ್ನ ಮಟ್ಟಿಗೆ ಈ ಕಾಯ್ದೆಯ ದೊಡ್ಡ ಉಪಕಾರವೇ ಇದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕು ಅಂತಿಲ್ಲ. ಆದರೆ 2 ವರ್ಷದೊಳಗೆ ದೂರು ಕೊಡಬೇಕು.

ಇನ್ನು ಆ್ಯಪ್‌ನವರ ಮಾತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರಲ್ಲಿ ದೂರು ಕೇಳುವ ಅಧಿಕಾರಿ ಇರಲೇಬೇಕು. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಮಾಲು ಕೆಟ್ಟಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ವಾಪಸ್ ತಗೊಳ್ಳಲ್ಲ ಅಂತ ಮಾರಿದವರು ಹೇಳುವ ಹಾಗಿಲ್ಲ.

ನಾನು ಮೊದಲು ಕೋರ್ಟಿಗೆ ಹೋಗಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕರೆಗೆ ದುಡ್ಡಿಲ್ಲ. ಆರ್ಡರ್ ನಂಬರ್, ಬಿಲ್ಲು, ಜಾರಿನ ಫೋಟೋ ಕೈಯಲ್ಲಿದ್ದವು. ಡಬ್ಬ ಬಿಚ್ಚುವಾಗ ತಮ್ಮ ಸುಮ್ನೆ ತೆಗೆದಿದ್ದ ವಿಡಿಯೋ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಅದಕ್ಕೇ ಹೇಳುತ್ತೇನೆ, ಪಾರ್ಸೆಲ್ ಬಿಚ್ಚುವಾಗ ಮೇಲಿನ ವಿಳಾಸದ ಚೀಟಿಯಿಂದಲೇ ವಿಡಿಯೋ ಶುರು ಮಾಡಿ. ಮಾಲು ಸರಿಯಿದೆ ಅಂತ ಖಾತ್ರಿಯಾಗುವವರೆಗೆ ಡಬ್ಬ ಎಸೆಯಬೇಡಿ.

ಎರಡು ವಾರಕ್ಕೆ ಹೊಸ ಜಾರ್ ಬಂತು. ಅಮ್ಮ ಮೊದಲು ಅದರ ಅಂಚನ್ನೇ ಸವರಿ ನೋಡಿದರು. ಆಮೇಲೆ ಕಾಯಿತುರಿ ಹಾಕಿದರು.

ನಮಸ್ಕಾರ.